ಹೌದು, ಇನ್ನೂ ನಂಬುತ್ತೇನೆ. ಈಗ ಬೇರೆ ಏನಾದರೂ ಕೇಳಿ

"ಇಷ್ಟೆಲ್ಲ ಆದಮೇಲೂ ದೇವರನ್ನ ನಂಬ್ತೀರಾ?"

ನಂಬುತ್ತೇನೆ. ಉತ್ತರ ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ಮೂರು ವರ್ಷದಿಂದ ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಮದುವೆಮನೆಯಲ್ಲಿ ಹೇಳಿದ್ದೇನೆ. ಆಫೀಸಿನ ಲಿಫ್ಟಿನಲ್ಲಿ ಹೇಳಿದ್ದೇನೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಬಾಯೊಳಗೆ ಹತ್ತಿ ಇಟ್ಟುಕೊಂಡೇ ಹೇಳಿದ್ದೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ ಸುಮ್ಮನಾಗುತ್ತೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನನ್ನ ಗಂಡನಿಗೆ ಲಾರಿ ಗುದ್ದಿತು. 19 ದಿನ ಐಸಿಯು. ಆಮೇಲೆ ನಾಲ್ಕು ತಿಂಗಳು ಹಾಸಿಗೆ. ಬದುಕಿದರು. ಎಡಗಾಲು ಮಾತ್ರ ಮೊದಲಿನ ಹಾಗಾಗಲಿಲ್ಲ, ಕೋಲು ಹಿಡಿದು ನಡೆಯುತ್ತಾರೆ. ನಾನು ಚಿಕ್ಕಂದಿನಿಂದ ದೇವರನ್ನು ನಂಬಿದವಳು. ಅವರು ನಂಬದವರು, ಲಾರಿ ಗುದ್ದುವ ಮೊದಲೂ, ಗುದ್ದಿದ ಮೇಲೂ. ಕಾಲು ಬದಲಾಯಿತು, ತಲೆ ಬದಲಾಗಲಿಲ್ಲ.

ಪ್ರಶ್ನೆ ಎರಡು ಪಾರ್ಟಿಗಳಿಂದ ಬರುತ್ತದೆ. ಒಂದು ಪಾರ್ಟಿಯವರು, "ದೇವರು ಇದ್ದಿದ್ರೆ ಆ ಲಾರಿಯವನ ಕೈಲಿ ಬ್ರೇಕ್ ಹಾಕಿಸಬಾರದಿತ್ತಾ?" ಎನ್ನುತ್ತಾರೆ. ಇವರ ಮೇಲೆ ನನಗೆ ಸಿಟ್ಟಿಲ್ಲ. ಈ ಪಾರ್ಟಿಯ ಅಧ್ಯಕ್ಷರು ನಮ್ಮ ಮನೆಯಲ್ಲೇ ಇದ್ದಾರೆ. ಕಾಲಿಗೆ ರಾಡ್ ಹಾಕಿಸಿಕೊಂಡು ಮಲಗಿದ್ದಾಗಲೇ ಫೋನಿನಲ್ಲಿ ಹುಡುಕಿ ನನಗೊಂದು ಅಧ್ಯಯನ ಓದಿ ಹೇಳಿದರು. 2006ರಲ್ಲಿ ಅಮೆರಿಕದ ಹರ್ಬರ್ಟ್ ಬೆನ್ಸನ್ ಎಂಬ ಡಾಕ್ಟರು ಮತ್ತವರ ತಂಡ ಪ್ರಕಟಿಸಿದ್ದು. ಹೃದಯದ ಬೈಪಾಸ್ ಆಪರೇಷನ್ ಆಗಬೇಕಿದ್ದ 1,802 ಜನರನ್ನು ಮೂರು ಗುಂಪು ಮಾಡಿದರಂತೆ. ಎರಡು ಗುಂಪುಗಳಿಗೆ, "ನಿಮಗಾಗಿ ಪ್ರಾರ್ಥನೆ ಮಾಡಿಸಬಹುದು, ಮಾಡಿಸದೆಯೂ ಇರಬಹುದು" ಎಂದರು. ಒಂದಕ್ಕೆ ಮಾಡಿಸಿದರು, ಇನ್ನೊಂದಕ್ಕೆ ಇಲ್ಲ. ಇವೆರಡರಲ್ಲೂ ಆಪರೇಷನ್ ಆದಮೇಲೆ ತೊಂದರೆ ಕಂಡವರು ಹೆಚ್ಚುಕಮ್ಮಿ ಸಮ, ನೂರಕ್ಕೆ 52 ಮತ್ತು 51. ಮೂರನೆಯ ಗುಂಪಿಗೆ, "ಖಂಡಿತ ಪ್ರಾರ್ಥನೆ ಮಾಡಿಸುತ್ತೇವೆ" ಎಂದು ಮೊದಲೇ ಹೇಳಿ ಮಾಡಿಸಿದರು. ಅಲ್ಲಿ 59!

"ನೀನು ನನಗೋಸ್ಕರ ಪ್ರಾರ್ಥನೆ ಮಾಡೋದಾದ್ರೆ ಮಾಡ್ಕೋ, ನನಗೆ ಮಾತ್ರ ಹೇಳ್ಬೇಡ" ಎಂದರು.

ನಾನು ನಕ್ಕೆ. ಆ ಅಧ್ಯಯನವನ್ನು ಸುಳ್ಳು ಮಾಡಲು ಹೋಗಲಿಲ್ಲ, ಅದರ ಅಗತ್ಯವೂ ಕಾಣಲಿಲ್ಲ. ನಾಣ್ಯ ಹಾಕಿದರೆ ಚೀಟಿ ಬರುವ ತೂಕದ ಮೆಷಿನ್ನಿನ ಹಾಗೆ ದೇವರನ್ನು ಪರೀಕ್ಷೆ ಮಾಡಿದರೆ ಅವನು ಫೇಲಾಗುತ್ತಾನೆ. ಆಗಲಿ. ನಾನು ನಂಬಿದ್ದು ಮೆಷಿನ್ನನ್ನು ಅಲ್ಲವಲ್ಲ.

ಇನ್ನು ನನ್ನ ಹಿಂದೆ ಮಾತಾಡಿಕೊಳ್ಳುವವರು. "ಸಂಕಟ ಬಂದಾಗ ವೆಂಕಟರಮಣ." ಹೌದು ಸ್ವಾಮಿ, ಸಂಕಟ ಬಂದಾಗ ಇನ್ಯಾರನ್ನು ಕರೆಯೋದು? ಇನ್ಶೂರೆನ್ಸ್ ಏಜೆಂಟನ್ನಾ? (ಅವನನ್ನೂ ಕರೆದೆ. ಫೋನ್ ಎತ್ತಲಿಲ್ಲ.)

ನನಗೆ ತಲೆ ಕೆಡುವುದು ಎರಡನೇ ಪಾರ್ಟಿಯವರಿಂದ. ಅಂದರೆ ನಮ್ಮವರೇ, ನಂಬುವವರು. ಇವರು ಪ್ರಶ್ನೆಯನ್ನೇ ಉತ್ತರದ ಹಾಗೆ ಕೇಳುತ್ತಾರೆ. "ನೋಡಿದ್ರಾ, ದೇವರು ಹೇಗೆ ಕಾಪಾಡಿದ! ಈಗ ನಂಬಿಕೆ ಇನ್ನೂ ಜಾಸ್ತಿ ಆಗಿರ್ಬೇಕು, ಅಲ್ವಾ?"

ಕಳೆದ ವರ್ಷ ನೆಂಟರ ಮನೆಯಲ್ಲಿ ಕೂತಿದ್ದೆವು. ಗಂಡನ ಕಡೆಯ ಹಿರಿಯರೊಬ್ಬರು ಹತ್ತು ಜನರ ಮುಂದೆ ನನ್ನ ತಲೆ ಮೇಲೆ ಕೈಯಿಟ್ಟು, "ಎಲ್ಲಾ ನಿನ್ನ ಪುಣ್ಯ ಕಣಮ್ಮಾ. ನಿನ್ನ ಪ್ರಾರ್ಥನೆ ಗಟ್ಟಿಯಾಗಿತ್ತು, ಅದಕ್ಕೇ ಇವನು ಉಳ್ಕೊಂಡ" ಎಂದರು.

"ಆಪರೇಷನ್ ಮಾಡಿದ ಡಾಕ್ಟ್ರಿಗೂ ಸ್ವಲ್ಪ ಪಾಲು ಕೊಡಿ ಮಾವ" ಎಂದರು ನನ್ನ ಗಂಡ. ಎಲ್ಲರೂ ನಕ್ಕರು. ನಾನೂ ನಕ್ಕು ಸುಮ್ಮನಾಗಬೇಕಿತ್ತು. ಆದರೆ ಆ "ಗಟ್ಟಿಯಾಗಿತ್ತು" ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು.

"ಗಟ್ಟಿಯಾಗಿ ಪ್ರಾರ್ಥನೆ ಮಾಡಿದ್ರೂ ಕಳ್ಕೊಂಡವರಿದ್ದಾರಲ್ಲ ಮಾವ, ಅವರಿಗೆ ಏನ್ ಹೇಳ್ತೀರಿ?"

"ಅದು ಅವರವರ ಕರ್ಮ ಕಣಮ್ಮಾ."

ಕೈಯಲ್ಲಿದ್ದ ಗಾಜಿನ ಲೋಟವನ್ನು ಟೀಪಾಯಿ ಮೇಲೆ ಇಟ್ಟೆ. ಇಟ್ಟೆ ಎಂದು ನಾನು ಹೇಳುತ್ತೇನೆ, ಕುಕ್ಕಿದಳು ಎಂದು ಅವರು ಹೇಳುತ್ತಾರೆ. ಒಡೆಯಿತಂತೂ ಹೌದು. ಯಾರಿಗೂ ಹೇಳದೆ ಎದ್ದು ಬಂದೆ. ನನ್ನ ಗಂಡ ಕೋಲೂರಿಕೊಂಡು ಹಿಂದೆ ಬಂದರು. ಸಂಜೆ ಫೋನ್ ಮೇಲೆ ಫೋನ್. "ಅಷ್ಟು ದೊಡ್ಡವರ ಮುಂದೆ ಹಾಗೆ ಮಾಡ್ತಾರಾ?" ಮಾರನೇ ದಿನ ಕ್ಷಮೆ ಕೇಳಿದೆ. ಲೋಟ ಒಡೆದದ್ದಕ್ಕೆ ಮಾತ್ರ.

ಹಳೇ ಗ್ರೀಸಿನಲ್ಲಿ ಡಯಾಗೊರಸ್ ಎಂಬ ನಾಸ್ತಿಕನಿದ್ದ. ಅವನ ಒಂದು ಪ್ರಸಂಗವನ್ನು ರೋಮಿನ ಸಿಸೆರೊ ಬರೆದಿಟ್ಟಿದ್ದಾನೆ. ಸಮೊಥ್ರೇಸ್ ಎಂಬ ದ್ವೀಪದಲ್ಲಿ ಸ್ನೇಹಿತನೊಬ್ಬ ಅವನಿಗೆ ಸಾಲು ಸಾಲು ಚಿತ್ರಗಳನ್ನು ತೋರಿಸಿದನಂತೆ. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ, ಹರಕೆ ಹೊತ್ತು, ಬದುಕಿ ಬಂದವರು ಒಪ್ಪಿಸಿದ ಚಿತ್ರಗಳು. "ಇಷ್ಟು ನೋಡಿದ ಮೇಲೂ ದೇವರು ಮನುಷ್ಯರನ್ನು ನೋಡಿಕೊಳ್ಳುವುದಿಲ್ಲ ಅಂತೀಯಾ?" ಎಂದು ಸ್ನೇಹಿತ ಕೇಳಿದ. ಡಯಾಗೊರಸ್ ಹೇಳಿದ್ದಿಷ್ಟು: ಹಡಗು ಒಡೆದು ಮುಳುಗಿಹೋದವರ ಚಿತ್ರ ಎಲ್ಲೂ ಇಲ್ಲವಲ್ಲ.

ಅವನು ನಾಸ್ತಿಕ, ನಾನು ಆಸ್ತಿಕಳು. ಆದರೂ ಆ ದ್ವೀಪದಲ್ಲಿ ನಾನಿದ್ದಿದ್ದರೆ ಅವನ ಪಕ್ಕ ನಿಲ್ಲುತ್ತಿದ್ದೆ. ಯಾಕೆಂದರೆ ಮುಳುಗಿಹೋದವರ ಕಡೆಯ ಒಬ್ಬರು ನನಗೆ ಗೊತ್ತು.

ಐಸಿಯು ಹೊರಗಿನ ಹಾಲನ್ನು ನೋಡಿದವರಿಗೆ ಹೇಳಬೇಕಿಲ್ಲ. ಕಬ್ಬಿಣದ ಪಟ್ಟಿಗೆ ಜೋಡಿಸಿದ ಕುರ್ಚಿಗಳು. ಒಬ್ಬರು ಕಾಲು ಅಲ್ಲಾಡಿಸಿದರೆ ಸಾಲೇ ಅಲ್ಲಾಡುತ್ತದೆ. ಇಪ್ಪತ್ತು ಜನಕ್ಕೆ ಒಂದೇ ಪ್ಲಗ್ಗು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಒಳಗೆ ಬಿಡುತ್ತಾರೆ. ಉಳಿದ ಹೊತ್ತೆಲ್ಲ ಕಿವಿ ಮೈಕಿನ ಮೇಲೆ. "ಬೆಡ್ ನಂಬರ್ ಆರು, ಅಟೆಂಡರ್ ಬನ್ನಿ." ಔಷಧಿ ಚೀಟಿ ಕೊಡುವುದಕ್ಕೂ ಹಾಗೇ ಕರೆಯುತ್ತಾರೆ, ಇನ್ನೊಂದಕ್ಕೂ ಹಾಗೇ ಕರೆಯುತ್ತಾರೆ. ಬಾಗಿಲವರೆಗೆ ಹೋಗುವ ಆ ಹದಿನೈದು ಹೆಜ್ಜೆ ಯಾರಿಗೂ ಬೇಡ.

ಅಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ತಾಯಿ ಇದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಮಗ ಒಳಗಿದ್ದ. ನಾನು ನೋಡಿದವರಲ್ಲಿ ಅವರಷ್ಟು ಭಕ್ತಿ ಇದ್ದವರು ಯಾರೂ ಇಲ್ಲ. ತೋರಿಕೆಯಿಲ್ಲ, ಸದ್ದಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಪ್ಲಗ್ಗಿಗಾಗಿ ಜಗಳ ಆದಾಗ ತಮ್ಮ ಚಾರ್ಜರ್ ಕಿತ್ತು ಬೇರೆಯವರಿಗೆ ಜಾಗ ಕೊಡುತ್ತಿದ್ದದ್ದೂ ಅವರೇ. ನಾನು ಕೊಡುತ್ತಿರಲಿಲ್ಲ.

ಅವರ ಮಗ ಉಳಿಯಲಿಲ್ಲ.

ದೇವರನ್ನೇ ನಂಬದ ನನ್ನ ಗಂಡ ಉಳಿದರು. ಪುಣ್ಯದ ಲೆಕ್ಕ ಹಾಕುವವರು ಈಗ ಹಾಕಿ ನೋಡೋಣ.

ಬೈಬಲಿನ ಯೋಬನ ಕಥೆ ಕೆಲವರಿಗಾದರೂ ಗೊತ್ತಿರಬಹುದು. ಆಸ್ತಿ ಹೋಯಿತು, ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು ಸತ್ತರು, ಮೈತುಂಬ ಹುಣ್ಣಾಯಿತು. ಮೂವರು ಸ್ನೇಹಿತರು ಬಂದು ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಕೂತರು. ಒಂದು ಮಾತಾಡಲಿಲ್ಲ. ಎಂಥ ಒಳ್ಳೆ ಜನ! ಆಮೇಲೆ ಬಾಯಿ ಬಿಟ್ಟರು, ಎಲ್ಲ ಕೆಟ್ಟಿತು. ನೀನು ಏನೋ ಪಾಪ ಮಾಡಿರಲೇಬೇಕು, ಸುಮ್ನೆ ಹೀಗಾಗುತ್ತಾ? ಯೋಬ ಒಪ್ಪಲಿಲ್ಲ. ದೇವರ ಜೊತೆಗೇ ವಾದಕ್ಕೆ ನಿಂತ. ಕೊನೆಗೆ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ. ನನ್ನ ಬಗ್ಗೆ ನೀವು ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಎಂದ. ನೆಂಟರ ಮನೆಗೆ ಹೋಗುವ ಮೊದಲು ಇದನ್ನು ಎಲ್ಲರಿಗೂ ಓದಿಸಬೇಕು.

ಕೊನೆಯಲ್ಲಿ ಯೋಬನಿಗೆ ಎಲ್ಲ ಎರಡರಷ್ಟು ಸಿಗುತ್ತದೆ. 7,000 ಕುರಿ ಇದ್ದದ್ದು 14,000 ಆಗುತ್ತದೆ. ಮತ್ತೆ ಏಳು ಗಂಡು, ಮೂರು ಹೆಣ್ಣು ಮಕ್ಕಳೂ ಹುಟ್ಟುತ್ತವೆ. ಕುರಿ ಲೆಕ್ಕ ಸರಿಹೋಯಿತು. ಮಕ್ಕಳ ಲೆಕ್ಕ ನನಗೆ ಯಾವತ್ತೂ ಸರಿಹೋಗಿಲ್ಲ.

ನಂಬುತ್ತೀರಾ ಎಂದು ಎಲ್ಲರೂ ಕೇಳುತ್ತಾರೆ. ಆ 19 ದಿನ ದೇವರ ಹತ್ತಿರ ಏನು ಮಾತಾಡಿದಿರಿ ಎಂದು ಮೂರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಮೊದಲ ಮೂರು ದಿನ ಚೌಕಾಸಿ. ಅವರನ್ನು ಉಳಿಸು, ನಾನು ಅದು ಬಿಡುತ್ತೇನೆ, ಇದು ಮಾಡುತ್ತೇನೆ. ತರಕಾರಿಯವನ ಹತ್ತಿರವೂ ಅಷ್ಟು ಚೌಕಾಸಿ ಮಾಡಿಲ್ಲ. ಆಮೇಲೆ ಬೈಗುಳ. ಚೆನ್ನಾಗಿ ಬೈದೆ, ಏಕವಚನದಲ್ಲಿ. ಇದಕ್ಕೆ ನಾಚಿಕೆ ಏನಿಲ್ಲ. ನಮ್ಮ ದಾಸರು ದೇವರನ್ನು ಬೈದು ಹಾಡಿದ್ದಕ್ಕೆ ನಿಂದಾಸ್ತುತಿ ಎಂದು ಹೆಸರೇ ಇದೆ. ನಂಬಿಕೆ ಅಂದರೆ ಏನು ಎಂದು ಕೇಳಿದರೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ರಾತ್ರಿ ಎರಡು ಗಂಟೆಗೆ ಬೈಯುವುದಕ್ಕೆ ಒಬ್ಬನಿದ್ದ. ಗಂಡ ಉಳಿಯುತ್ತಾರೆ ಎಂಬ ಭರವಸೆ ನನಗೆ ಒಂದು ಕ್ಷಣವೂ ಇರಲಿಲ್ಲ. ಭಾಗವತದಲ್ಲಿ ಕುಂತಿ, ನಮಗೆ ಕಷ್ಟಗಳೇ ಬರುತ್ತಿರಲಿ, ಆಗಲಾದರೂ ನೀನು ಕಾಣುತ್ತೀಯ ಎಂದು ಕೃಷ್ಣನಿಗೆ ಹೇಳುತ್ತಾಳೆ. ಕುಂತಿಗೆ ದೊಡ್ಡ ನಮಸ್ಕಾರ. ನನಗೆ ಒಂದು ಲಾರಿ ಸಾಕು.

ಒಂಬತ್ತನೇ ದಿನದ ಹೊತ್ತಿಗೆ ಬೈಗುಳವೂ ಮುಗಿಯಿತು. ಬಾಯಿ ಒಣಗಿತ್ತು. ಕಣ್ಣು ಮುಚ್ಚಿದರೆ ಮೈಕಿನ ದನಿ ಬಿಟ್ಟು ಬೇರೆ ಏನೂ ಇಲ್ಲ. ಅಕ್ಕನಿಗೆ ಹೇಳಿದೆ, "ನನಗೆ ಇನ್ನು ಪ್ರಾರ್ಥನೆ ಬರ್ತಾ ಇಲ್ಲ ಅಕ್ಕ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೂ ನನ್ನ ಮಗನ ಹೆಸರು ಹೇಳಿದ್ರೆ ಭಯ ಆಗತ್ತೆ, ಮುಂದಕ್ಕೆ ಹೋಗಲ್ಲ. ಹೀಗ್ ಮಾಡೋಣ. ನಿಮ್ಮ ಯಜಮಾನ್ರಿಗೆ ನಾನು ಬೇಡ್ಕೋತೀನಿ. ನನ್ನ ಮಗನಿಗೆ ನೀವು ಬೇಡ್ಕೊಳ್ಳಿ" ಎಂದರು.

ಹಾಗೇ ಮಾಡಿದೆವು. ಬೇರೆಯವರಿಗೆ ಬೇಡುವುದು ಸುಲಭ, ಚೌಕಾಸಿ ಇರುವುದಿಲ್ಲ. ಐದು ದಿನ ನಾನು ಆ ಹುಡುಗನ ಹೆಸರನ್ನೇ ಹೇಳಿಕೊಂಡು ಕೂತೆ. ಆರನೇ ದಿನ ಬೆಳಗಿನ ಜಾವ ಮೈಕು ಅವರನ್ನು ಕರೆಯಿತು.

ಆವತ್ತಿನ ಲೋಟ ಯಾಕೆ ಒಡೆಯಿತು ಎಂದು ಈಗ ಗೊತ್ತಾಗಿರಬಹುದು. ಪ್ರಾರ್ಥನೆ ಗಟ್ಟಿಯಾಗಿದ್ದಕ್ಕೇ ಉಳಿದರು ಎನ್ನುವುದಾದರೆ ಗಟ್ಟಿಯಾಗಿದ್ದದ್ದು ಅಕ್ಕನ ಪ್ರಾರ್ಥನೆ. ನನ್ನದು ಯಾರನ್ನು ಉಳಿಸಿತು? ಇದನ್ನು ಹತ್ತು ಜನರ ಮುಂದೆ ಹೇಳಲಿಕ್ಕಾಗುತ್ತದಾ? ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಒಪ್ಪಿದರೆ ಬದುಕುವುದು ಕಷ್ಟ. ಆದರೂ ಕೆಲವು ರಾತ್ರಿ ಅದು ತಾನಾಗೇ ಬಂದು ಪಕ್ಕದಲ್ಲಿ ಕೂರುತ್ತದೆ.

ಹಾಗಾದರೆ ದೇವರಿಗೆ ಯಾವುದಕ್ಕೆ ಕೃತಜ್ಞತೆ ಹೇಳುತ್ತೀರಿ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಡಿಸ್ಚಾರ್ಜ್ ದಿನ ನಾನು ಏನೂ ಹೇಳಲಿಲ್ಲ. ಅಕ್ಕನ ಖಾಲಿ ಕುರ್ಚಿಯ ಮುಂದೆಯೇ ಗಾಲಿಕುರ್ಚಿ ತಳ್ಳಿಕೊಂಡು ಹೋಗಬೇಕಿತ್ತು. ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಬರಲಿಲ್ಲ. ಹೇಳಬೇಕು ಹೇಳಬೇಕು ಎಂದು ಎಲ್ಲರೂ ನೆನಪಿಸಿದಷ್ಟೂ ಬರಲಿಲ್ಲ.

ಏಳೋ ಎಂಟೋ ತಿಂಗಳಾಗಿತ್ತು. ನಾನು ಅಡುಗೆಮನೆಯಲ್ಲಿದ್ದೆ. ಹೊರಗಿನಿಂದ ಟಕ್ ಟಕ್ ಎಂದು ಕೋಲಿನ ಸದ್ದು. ಮೊದಲ ಸಲ ಯಾರನ್ನೂ ಕರೆಯದೆ ತಾವೇ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಮುಖ ಕೆಂಪಗೆ. "ರಿಮೋಟ್ ಎಲ್ಲಿಟ್ಟಿದ್ದೀಯ? ಹತ್ತು ಸಲ ಕೂಗಿದೆ, ಕಿವಿ ಕೇಳಲ್ವಾ?"

"ಸದ್ಯ" ಎಂದೆ.

"ಏನು ಸದ್ಯ?" ಎಂದು ಇನ್ನಷ್ಟು ರೇಗಿದರು.

ಧನ್ಯವಾದ ಎನ್ನುವುದು ವೇದಿಕೆಯ ಮಾತು. ಮೈಕ್ ಹಿಡಿದವರು ಹೇಳುತ್ತಾರೆ. ಮನೆಯೊಳಗೆ ನಮ್ಮ ಬಾಯಿಂದ ಯೋಚನೆಗಿಂತ ಮೊದಲು ಬರುವುದು "ಸದ್ಯ". ಯಾರಿಗೆ ಹೇಳಿದೆವು, ಯಾತಕ್ಕೆ ಹೇಳಿದೆವು ಎಂದು ಆ ಮಾತಿನಲ್ಲಿ ಇರುವುದೇ ಇಲ್ಲ. ಯಾರಿಗೆ ಎಂದು ನನಗೆ ಗೊತ್ತು. ನನಗೇ ಯಾಕೆ, ಅಕ್ಕನಿಗೆ ಯಾಕಿಲ್ಲ ಎನ್ನುವುದು ಗೊತ್ತಿಲ್ಲ. ಗೊತ್ತಾದ ಮೇಲೆ ಹೇಳೋಣ ಎಂದು ಕೂತರೆ ಈ ಜನ್ಮದಲ್ಲಿ ಆಗುವುದಿಲ್ಲ, ಹಾಗಾಗಿ ಹೇಳಿಬಿಟ್ಟೆ. ರಿಮೋಟ್ ಅವರ ದಿಂಬಿನ ಕೆಳಗೇ ಇತ್ತು.

ಅಕ್ಕನ ನಂಬರ್ ನನ್ನ ಹತ್ತಿರ ಇದೆ. ಮೊದಲ ವರ್ಷ ಫೋನ್ ಮಾಡಲು ಧೈರ್ಯ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡುವುದು? ಎರಡನೇ ವರ್ಷ, ಅವರ ಮಗ ಹೋದ ದಿನ, ಮಾಡಿದೆ. ನನ್ನ ಹೆಸರು ಹೇಳುವ ಮೊದಲೇ ದನಿ ಗುರುತು ಹಿಡಿದರು.

"ಯಜಮಾನ್ರು ಓಡಾಡ್ತಾರಾ?"

"ಕೋಲು ಹಿಡ್ಕೊಂಡು ಓಡಾಡ್ತಾರೆ ಅಕ್ಕ. ಮೆಟ್ಟಿಲೂ ಹತ್ತುತ್ತಾರೆ."

ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.

"ಸದ್ಯ" ಎಂದರು.

ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅವರ ಮನೆಯಲ್ಲಿ ಕುಕ್ಕರ್ ಕೂಗಿತು. "ಇಡ್ಲಾ? ಒಲೆ ಮೇಲಿದೆ" ಎಂದರು.