ಬೇಲಿಯೇ ಎದ್ದು ಹೊಲ ಮೇಯ್ದಾಗ

ಅಟ್ಲಾಂಟಾದಲ್ಲಿ ಮನೆ ಕೊಂಡ ವರ್ಷ, ಹಿತ್ತಲಿನ ಹಳ್ಳದ ದಂಡೆಯ ಪೊದೆಯೊಂದರ ಬಿಳಿ ಹೂ ನೋಡಿ ಅಮ್ಮನಿಗೆ ಫೋಟೋ ಕಳಿಸಿದ್ದೆ. "ಮಲ್ಲಿಗೆ ಥರ ಇದೆ ಕಣೇ" ಅಂದಿದ್ದಳು. ಪೂರ್ತಿ ತಪ್ಪಲ್ಲ, ಪ್ರಿವೆಟ್ ಎಂಬ ಈ ಪೊದೆ ಮಲ್ಲಿಗೆಯ ಕುಟುಂಬದ್ದೇ. ವಾಸನೆ ಮಾತ್ರ ನನಗೆ ತಲೆನೋವು ತರಿಸುತ್ತದೆ.

ಚೀನಾದ ಈ ಗಿಡವನ್ನು 1852ರಲ್ಲಿ ಅಮೆರಿಕಕ್ಕೆ ತಂದಿದ್ದು ಅಂದಕ್ಕೆ. ಬೇಲಿಗೂ ನೆಟ್ಟರು. ಈಗ ಜಾರ್ಜಿಯಾದ ಹೊಳೆದಂಡೆಗಳಲ್ಲಿ ಅದರದ್ದೇ ದರ್ಬಾರು. ಚಳಿಗಾಲದಲ್ಲೂ ಎಲೆ ಪೂರ್ತಿ ಉದುರುವುದಿಲ್ಲ. ಆ ನೆರಳಲ್ಲಿ ಇಲ್ಲಿನ ಸಸಿಗಳು ಏಳುವುದಾದರೂ ಹೇಗೆ? ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಒಕೋನೀ ನದಿಯ ಬಳಿ ಸಂಶೋಧಕರು ಪ್ರಿವೆಟ್ ತೆಗೆದ ಜಾಗಗಳಲ್ಲಿ ಜೇನ್ನೊಣ, ಚಿಟ್ಟೆಗಳು ಜಾಸ್ತಿಯಾದವು.

ಹೋದ ಫೆಬ್ರವರಿಯಲ್ಲಿ ಎರಡು ದಿನ ಕೂತು ಎಲ್ಲ ಕಡಿದೆ. ಮೇ ಹೊತ್ತಿಗೆ ಒಂದೊಂದು ಬುಡಕ್ಕೂ ಏಳೆಂಟು ಚಿಗುರು! ಬಂಡೀಪುರದ ಲಂಟಾನ ನೆನಪಾಯಿತು. ಅದೂ ಅಂದಕ್ಕೇ ಬಂದಿದ್ದಲ್ವಾ. ಈಗ ಮಳೆಯ ಮರುದಿನ, ಮಣ್ಣು ಮೆತ್ತಗಿರುವಾಗ ಸಸಿಗಳನ್ನು ಬೇರು ಸಮೇತ ಕೀಳುತ್ತೇನೆ. ದೊಡ್ಡವನ್ನು ಕಡಿದ ಕೂಡಲೇ ಬುಡಕ್ಕೆ ಕಳೆನಾಶಕ ಬಳಿಯುತ್ತೇನೆ. ಪಕ್ಕದ ಮನೆಯವರು ಮಾತ್ರ ಇದೇ ಗಿಡವನ್ನು ಪ್ರತಿ ಶನಿವಾರ ಚಂದಕ್ಕೆ ಕತ್ತರಿಸುತ್ತಾರೆ.