ಗುರ್ಕಾರರು ಬೇಡವೆಂದ ಮನೆ

ನಮ್ಮ ಶಾಲೆಯ ಸಂಚಾಲಕರಾಗಿದ್ದ ಫಾದರ್ ಒಳ್ಳೆಯ ಮಾತುಗಾರರೇನಲ್ಲ. ಭಾನುವಾರದ ಪೂಜೆಯಲ್ಲಿ ಅವರ ಪ್ರಬೋಧನೆಗೆ ಹಿರಿಯರೇ ತೂಕಡಿಸುತ್ತಿದ್ದರು. ಆದರೆ ಧರ್ಮಶಿಕ್ಷಣದ ತರಗತಿಯಲ್ಲಿ ಸಂತ ಮೋನಿಕಾಳ ಕತೆ ತೆಗೆದರೆಂದರೆ ಕೊನೆಯ ಬೆಂಚಿನವರೂ ಕಿವಿಗೊಡುತ್ತಿದ್ದೆವು.

ಇಂದಿನ ಅಲ್ಜೀರಿಯಾದಲ್ಲಿದ್ದ ತಗಾಸ್ತೆ ಆಕೆಯ ಊರು. ಮಗ ಅಗಸ್ಟೀನ್ ಮಹಾ ಬುದ್ಧಿವಂತ. ತಾಯಿಯ ಕ್ರೈಸ್ತ ವಿಶ್ವಾಸ ಬಿಟ್ಟು, ಪರ್ಷಿಯಾದ ಮಾನಿ ಎಂಬ ಪ್ರವಾದಿಯ ಪಂಥ ಸೇರಿದವನು. ಕ್ರಿ.ಶ. 383ರಲ್ಲಿ ತಾಯಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ರೋಮಿನ ಹಡಗು ಹತ್ತಿದ. ಕೆಲಕಾಲದ ಬಳಿಕ ಆಕೆಯೂ ಸಮುದ್ರ ದಾಟಿ ಅವನಿದ್ದಲ್ಲಿಗೆ ಹೋದಳು. 387ರ ಈಸ್ಟರಿಗೆ ಮಿಲಾನಿನಲ್ಲಿ ಬಿಷಪ್ ಅಂಬ್ರೋಸರು ಅವನಿಗೆ ಜ್ಞಾನಸ್ನಾನ ಕೊಟ್ಟು ಕ್ರೈಸ್ತ ಸಭೆಗೆ ಸೇರಿಸಿಕೊಂಡರು. ಇದನ್ನೆಲ್ಲ ಫಾದರ್ ಓಡಿಸಿಬಿಡುತ್ತಿದ್ದರು. ಅವರು ನಿಲ್ಲುತ್ತಿದ್ದುದು ಬೇರೊಬ್ಬ ಬಿಷಪ್ಪರ ಬಳಿ. ಮಗನೊಡನೆ ವಾದಿಸಿ ಬುದ್ಧಿ ಹೇಳಿ ಎಂದು ಮೋನಿಕಾ ಗೋಗರೆದಾಗ ಅವರು ಒಪ್ಪಲಿಲ್ಲ. ಅವನನ್ನು ಅವನಷ್ಟಕ್ಕೆ ಬಿಡು, ಪ್ರಾರ್ಥನೆ ಮಾತ್ರ ಬಿಡಬೇಡ ಎಂದರು. ಆಕೆ ಮತ್ತೂ ಅತ್ತು ಕಾಡಿದಾಗ ರೇಗಿ, ಹೋಗು ತಾಯಿ, ನೀನು ಇಷ್ಟು ಕಣ್ಣೀರು ಸುರಿಸಿದ ಮೇಲೆ ಆ ಮಗ ಹಾಳಾಗಲಾರ ಎಂದುಬಿಟ್ಟರು. ಲೋಕವೆಲ್ಲ ನೆನೆಯುವ ಆ ಮಾತು ಬಂದದ್ದು ಬೇಸತ್ತ ಬಾಯಿಂದ ಎನ್ನುವುದೇ ಫಾದರಿಗೆ ಬಲು ಖುಷಿ.

ಅವರ ಪ್ರಬೋಧನೆಗಿಂತ ನನ್ನಲ್ಲಿ ಉಳಿದದ್ದು ಮೊಂತಿ ಹಬ್ಬದ ಮಧ್ಯಾಹ್ನಗಳು. ಸೆಪ್ಟೆಂಬರ್ 8ರಂದು ಬರುವ ಅದು ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಒಂಬತ್ತು ದಿನ ಬುಟ್ಟಿಯಲ್ಲಿ ಹೂ ತಂದು ಅರ್ಪಿಸಿದ ಮಕ್ಕಳಿಗೆ ಕಬ್ಬು ಸಿಗುತ್ತದೆ, ಮನೆಮನೆಗೆ ಆಶೀರ್ವದಿಸಿದ ಭತ್ತದ ತೆನೆ ಸಿಗುತ್ತದೆ. ಪೂಜೆಗೆ ಬಾರದವನಿಗೆ ತೆನೆ ಯಾಕೆ ಎನ್ನುವುದು ನಮ್ಮ ವಾರ್ಡಿನ ಗುರ್ಕಾರರ, ಅಂದರೆ ವಾರ್ಡಿನ ಕ್ರೈಸ್ತ ಮನೆಗಳ ಮುಖಂಡರ, ವಾದ. ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮುದುಕನೊಬ್ಬ ಹೆಂಡತಿ ಸತ್ತ ಮೇಲೆ ಇಗರ್ಜಿಯ ಮೆಟ್ಟಿಲು ತುಳಿದಿರಲಿಲ್ಲ. ಮಾತಾಡಿಸಲು ಹೋದವರನ್ನು ಬೈದು ಅಟ್ಟುತ್ತಿದ್ದ. "ಆ ಮನೆ ಬಿಟ್ಟುಬಿಡಿ ಫಾದರ್, ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ," ಎಂದರು ಗುರ್ಕಾರರು. ಫಾದರ್ ನಕ್ಕು, ಒಂದು ತೆನೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಎಂಟನೆಯ ತರಗತಿಯಲ್ಲಿದ್ದ ನನ್ನ ಕೈಗೆ ಕೊಟ್ಟು ಹೊರಟರು.

ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ಬೈಗುಳ ಬಂತು. ಪಾದ್ರಿಯೊಬ್ಬರು ಅಂಥದನ್ನು ನಿಂತು ಕೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬೈದು ಮುಗಿದ ಮೇಲೆ ಫಾದರ್ ಕೇಳಿದ್ದು ಅಂಗಳದ ತೆಂಗಿನ ಬಗ್ಗೆ. ಕಾಯಿ ಯಾಕೆ ಇಷ್ಟು ಸಣ್ಣ? ಉತ್ತರವಿಲ್ಲ. ತೆನೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಬಂದೆವು.

ಮರುವರ್ಷ ಹೋದಾಗ ಹಳೆಯ ತೆನೆ ಅದೇ ಸರಳಿನಲ್ಲಿತ್ತು. ಕಾಳುಗಳನ್ನು ಗುಬ್ಬಿಗಳು ಮುಗಿಸಿ ಬರೀ ಹುಲ್ಲು ಉಳಿದಿತ್ತು, ಅದಕ್ಕೊಂದು ದಾರ ಬೇರೆ ಬಿಗಿದಿತ್ತು. ಈ ಸಲ ಕ್ರಿಸ್ಮಸ್ ಪೂಜೆಗೆ ಬಂದೇ ಬರುತ್ತಾರೆ ಎಂದು ನಾನು ದಾರಿಯಲ್ಲಿ ಕುಣಿದೆ. "ಲೆಕ್ಕ ಹಾಕಬೇಡ. ಬರಲಿ ಅಂತಲೇ ನಾವು ಹೋಗುವುದಾದರೆ ಅವನಿಗೆ ಮೊದಲೇ ಗೊತ್ತಾಗುತ್ತದೆ," ಎಂದರು ಫಾದರ್. ದಾರಿ ತಪ್ಪಿದವರನ್ನು ತಿದ್ದಲು ಹೊರಟ ಎಷ್ಟೋ ಉತ್ಸಾಹಿಗಳನ್ನು ಆಮೇಲೆ ಕಂಡಿದ್ದೇನೆ. ಅವರ ಬಾಯಲ್ಲಿ ಪ್ರೀತಿ, ಕಣ್ಣಲ್ಲಿ ಹಾಜರಿ ಪುಸ್ತಕ. ನನಗೆ ಅಂಥವರ ಸಹವಾಸ ಒಗ್ಗುವುದಿಲ್ಲ. ಕ್ರಿಸ್ಮಸ್ಸಿಗೆ ಮುದುಕ ಬರಲಿಲ್ಲ. ಈಸ್ಟರಿಗೂ ಇಲ್ಲ.

ನಾನು ಹತ್ತಕ್ಕೆ ಬರುವಷ್ಟರಲ್ಲಿ ಫಾದರಿಗೆ ವರ್ಗವಾಗಿತ್ತು. ಹೊಸಬರಿಗೆ ಈ ವಿಷಯ ತಿಳಿಯದು, ಗುರ್ಕಾರರು ತಿಳಿಸುವವರಲ್ಲ, ನನಗೆ ಪರೀಕ್ಷೆಯ ತಲೆನೋವು. ಹಬ್ಬದ ಮಾರನೆಯ ದಿನ ಶಾಲೆಯ ಜವಾನ ತರಗತಿಗೆ ಬಂದು ನನ್ನನ್ನು ಕರೆದ. ಗೇಟಿನ ಬಳಿ ಇಸ್ತ್ರಿ ಹಾಕಿದ ಅಂಗಿ ತೊಟ್ಟ ಮುದುಕ ಸಿಟ್ಟಿನಿಂದ ನಿಂತಿದ್ದ.

"ನಮ್ಮ ಮನೆಯ ತೆನೆ ಎಲ್ಲಿ?"

ಇಗರ್ಜಿಗೆ ಓಡಿ, ಉಳಿದಿದ್ದ ತೆನೆಯೊಂದನ್ನು ತಂದುಕೊಟ್ಟೆ. ತಿರುಗಿಸಿ ನೋಡಿ, ಕಾಳು ಜೊಳ್ಳು ಎಂದ. ಪೂಜೆಗೆ ಬರುತ್ತೀರಾ ಎಂದು ನಾನು ಕೇಳಲಿಲ್ಲ, ಅಷ್ಟನ್ನಾದರೂ ಕಲಿತಿದ್ದೆ. ಆ ಪಾದ್ರಿಯನ್ನು ಈಗ ಯಾವ ಊರಿಗೆ ಹಾಕಿದ್ದಾರೆ ಎಂದು ಅವನೇ ಕೇಳಿದ. ನೋಟ್‌ಬುಕ್ಕಿನ ಹಾಳೆ ಹರಿದು ವಿಳಾಸ ಬರೆದುಕೊಟ್ಟೆ. ಪಿನ್‌ಕೋಡ್ ಇಲ್ಲವಲ್ಲ ಎಂದು ಅದಕ್ಕೂ ಬೈದ.