ಶಾಲ್ಮಲೆಯ ಬೆನ್ನು ಹತ್ತಿ ಗೋಕರ್ಣಕ್ಕೆ

ಗೋಕರ್ಣದ ದಂಡೆಗೆ ಇಳಿದ ಕೂಡಲೇ ಮಗಳು ಕೇಳಿದಳು, "ಅಪ್ಪಾ, ಸಮುದ್ರಕ್ಕ ಚಹಾ ಸುರಿದವ್ರು ಯಾರು?"

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನೀರಿನ ಬಣ್ಣ ಥೇಟ್ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಚಹಾದ್ದೇ. ನೊರೆ ಕೂಡ ಕೆಂಚಗಿತ್ತು. ರೂಮ್ ಬುಕ್ ಮಾಡುವಾಗ ಮೊಬೈಲಿನಲ್ಲಿ ನೋಡಿದ ಫೋಟೊದಲ್ಲಿ ಇದೇ ಸಮುದ್ರ ನೀಲಿಯಾಗಿತ್ತು. ಜುಲೈ ಕೊನೆಯ ವಾರ ಬಂದು ನೀಲಿ ನೀರು ಹುಡುಕುವವನದೇ ತಪ್ಪು, ಅದು ಬೇರೆ ಮಾತು. ಹೆಂಡತಿ ಏನೂ ಅನ್ನಲಿಲ್ಲ. ಸುಮ್ನೆ ನನ್ನ ಕಡೆ ನೋಡಿದಳು.

ನಮ್ಮ ಕಾಕಾ ಮಾತ್ರ ಕುಕ್ಕರಗಾಲಲ್ಲಿ ಕೂತು ನೀರು ಬೊಗಸೆಗೆ ತುಂಬಿಕೊಂಡರು. ನೀರು ಸೋರಿ ಹೋಗಲು ಬಿಟ್ಟು, ಅಂಗೈಯಲ್ಲಿ ಉಳಿದ ರಾಡಿಯನ್ನು ಬೆರಳಿನಿಂದ ತಿಕ್ಕಿ ನೋಡಿದರು. ಕಲಘಟಗಿ ಕಡೆ ಹೊಲ ಮಾಡುವ ಮನುಷ್ಯ. ಮಣ್ಣು ಕಂಡರೆ ಕೈ ಸುಮ್ಮನಿರುವುದಿಲ್ಲ.

"ಇದು ನಮ್ಮ ಹೊಲದ್ದs ಲೇ ತಮ್ಮಾ" ಅಂದರು.

ನಾವು ನಕ್ಕೆವು. ಆದರೆ ಹಿಂದಿನ ದಿನದ ದಾರಿ ನೆನಪಾದಾಗ ನನ್ನ ನಗು ಅರ್ಧಕ್ಕೇ ನಿಂತಿತು.

ಕಾಕಾ ಏನೋ ಕೆಲಸಕ್ಕೆ ಧಾರವಾಡಕ್ಕೆ ಬಂದಿದ್ದರು. ಅವರನ್ನು ಹತ್ತಿಸಿಕೊಂಡು ನಾವು ಧಾರವಾಡದಿಂದಲೇ ಕಲಘಟಗಿ ರಸ್ತೆ ಹಿಡಿದಿದ್ದೆವು. ದಾರಿಯಲ್ಲಿ ಸೋಮೇಶ್ವರ ಗುಡಿ. ಶಾಲ್ಮಲಾ ಹುಟ್ಟುವುದು ಇಲ್ಲೇ. ನದಿ ಅಂದುಕೊಂಡು ಹೋದವರಿಗೆ ನಿರಾಸೆಯೇ, ಹುಟ್ಟುವಾಗ ಅದು ಬರೀ ಒಂದು ಒರತೆ. ಮುಂದೆ ಕಲಘಟಗಿ ಹತ್ತಿರ, ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ ಹಳ್ಳ ಇದಕ್ಕೆ ಕೂಡುತ್ತದೆ. ಎರಡೂ ಒಂದಾಗಿ ಬೇಡ್ತಿ ಅನ್ನಿಸಿಕೊಂಡು ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಧುಮುಕುತ್ತವೆ. ಘಟ್ಟದ ಕೆಳಗೆ ಹೋದ ಮೇಲೆ ಅದೇ ಹೊಳೆಗೆ ಗಂಗಾವಳಿ ಅಂತ ಹೆಸರು. ಒಟ್ಟು ಸುಮಾರು 150 ಕಿ.ಮೀ. ಹರಿದು ಗೋಕರ್ಣದ ಉತ್ತರಕ್ಕೆ ಸಮುದ್ರ ಸೇರುತ್ತದೆ. ಅಂದರೆ ನಾವು ಕಾರಿನಲ್ಲಿ ಬಂದ ದಾರಿಯಲ್ಲೇ ಹೆಚ್ಚು ಕಡಿಮೆ ನೀರೂ ಬಂದಿತ್ತು.

ಎರಡು ದಿನದಿಂದ ಮಳೆ ಹಿಡಿದಿತ್ತು. ಕಲಘಟಗಿ ಆಸುಪಾಸು ಗೋವಿನಜೋಳದ ಸಾಲುಗಳ ನಡುವೆ ಕೆಂಪು ನೀರು ಹರಿದು ರಸ್ತೆ ಬದಿಯ ಕಾಲುವೆಗೆ ಬೀಳುತ್ತಿತ್ತು. ಕಾಕಾ ಕಾರಿನ ಕಿಟಕಿಯಿಂದ ನೋಡುತ್ತ, "ಒಡ್ಡು ಕಟ್ಟಲಿಲ್ಲಂದ್ರ ಹಿಂಗs ಆಗೂದು" ಅಂತ ಯಾರದೋ ಹೊಲಕ್ಕೆ ಬೈದಿದ್ದರು. ಮಾಗೋಡಿನಲ್ಲಿ ಮಂಜು ಬಿಟ್ಟು ಏನೂ ಕಾಣಲಿಲ್ಲ. ಹತ್ತು ನಿಮಿಷ ಜಲಪಾತದ ಸದ್ದು ಕೇಳಿ ವಾಪಸಾದೆವು. ಅರಬೈಲು ಘಟ್ಟ ಇಳಿದು, ಅಂಕೋಲಾ ದಾಟಿ ಶಿರೂರಿಗೆ ಬಂದಾಗ ಕಾರಿನಲ್ಲಿ ಮಾತು ನಿಂತಿತು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯ ಮೇಲೂ ಗಂಗಾವಳಿಗೂ ಬಿದ್ದ ಜಾಗ ಅದು. ಆ ದಿನ ಅಲ್ಲಿ ಜೀವ ಕಳೆದುಕೊಂಡವರಿದ್ದಾರೆ. ಪಕ್ಕದಲ್ಲಿ ಹೊಳೆ ಕೆಂಪಗೆ, ದಪ್ಪಗೆ ಹರಿಯುತ್ತಿತ್ತು.

ಈಗ ದಂಡೆಯಿಂದ ಎದ್ದು ರಾಮತೀರ್ಥದ ಮೆಟ್ಟಿಲು ಹತ್ತಿದೆವು. ಮೇಲಿಂದ ನೋಡಿದಾಗ ಗೊತ್ತಾಯಿತು, ಇಡೀ ಸಮುದ್ರ ಕೆಂಪಾಗಿರಲಿಲ್ಲ. ದಂಡೆಗುಂಟ ಒಂದು ಅಗಲವಾದ ಕೆಂಪು ಪಟ್ಟಿ. ಅದರಾಚೆ ಬೂದು ಹಸಿರು ನೀರು. ನಡುವೆ ಗೆರೆ ಎಳೆದ ಹಾಗೆ ನೊರೆ, ಎಲೆ, ತೆಂಗಿನ ಸಿಪ್ಪೆ.

ಎರಡೂ ನೀರೇ, ಮತ್ತೆ ಯಾಕೆ ಬೆರೆಯಲಿಲ್ಲ? ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಷ್ಟರಿಂದಲೇ ಅದು ಹೊಳೆಯ ನೀರಿಗಿಂತ ಭಾರ. ಹಾಗಾಗಿ ಹೊಳೆಯ ನೀರು ಸಮುದ್ರಕ್ಕೆ ಬಂದ ಕೂಡಲೇ ಮುಳುಗುವುದಿಲ್ಲ, ಹಾಲಿನ ಮೇಲಿನ ಕೆನೆಯ ಹಾಗೆ ಮೇಲೇ ಹರಡುತ್ತದೆ. ಅಲೆಗಳು ಕಲಕಿ ಕಲಕಿ ನಿಧಾನಕ್ಕೆ ಬೆರೆಸುತ್ತವೆ. ಎರಡು ನೀರು ಒತ್ತಿಕೊಳ್ಳುವ ಗಡಿಯಲ್ಲಿ ತೇಲುವ ಕಸವೆಲ್ಲ ಗೆರೆಯಾಗಿ ಕೂಡುತ್ತದೆ. ಮುಂಗಾರಿನಲ್ಲಿ ನಮ್ಮ ಪಶ್ಚಿಮ ಕರಾವಳಿಯ ಹರಿವು ಹೆಚ್ಚಾಗಿ ದಕ್ಷಿಣಕ್ಕೆ. ಗಂಗಾವಳಿಯ ಬಾಯಿ ಗೋಕರ್ಣದ ಉತ್ತರಕ್ಕಿದೆ. ಮಣ್ಣು ಇತ್ತ ತಿರುಗದೆ ಇನ್ನೆಲ್ಲಿಗೆ ಹೋಗಬೇಕು? ದಕ್ಷಿಣಕ್ಕೆ ತದಡಿಯಲ್ಲಿ ಅಘನಾಶಿನಿಯೂ ತನ್ನ ಪಾಲು ತರುತ್ತದೆ.

ಬಣ್ಣದ ಲೆಕ್ಕವೂ ಸರಳ. ಬೆಳಕಿನಲ್ಲಿರುವ ಕೆಂಪನ್ನು ನೀರು ಹೀರುತ್ತದೆ, ಉಳಿದ ನೀಲಿ ನಮಗೆ ಕಾಣುತ್ತದೆ. ತಿಳಿ ಸಮುದ್ರ ನೀಲಿ ಕಾಣುವುದು ಅದಕ್ಕೇ. ನೀರಿನಲ್ಲಿ ತುಕ್ಕಿನಂಥ ಕಬ್ಬಿಣದ ಅಂಶ ಇರುವ ಮಣ್ಣು ಸೇರಿದರೆ ಆ ನೀಲಿಯನ್ನೂ ಮಣ್ಣೇ ನುಂಗುತ್ತದೆ. ಘಟ್ಟದ ಜಂಬಿಟ್ಟಿಗೆ ಮಣ್ಣು ಕೆಂಪಗಿರುವುದು ಆ ಕಬ್ಬಿಣದಿಂದಲೇ. ಇದರ ಜೊತೆ ಕಾಡಿನ ಕೊಳೆತ ಎಲೆಗಳ ಕಷಾಯ. ಚಹಾ ಅಂದ ನನ್ನ ಮಗಳು ಅರ್ಧ ಸರಿಯೇ. ಎಲೆ ನೆನೆದು ಬಿಟ್ಟ ಬಣ್ಣ ಅದು, ಎಷ್ಟು ಹೊತ್ತು ಇಟ್ಟರೂ ತಳಕ್ಕೆ ಕೂರುವುದಿಲ್ಲ. ಇನ್ನು ಮಳೆಗಾಲದ ದೊಡ್ಡ ಅಲೆಗಳು ತಳದ ಮರಳನ್ನೂ ಎಬ್ಬಿಸುತ್ತವೆ. ಎಲ್ಲವನ್ನೂ ಕಾಕಾನ ಹೊಲದ ತಲೆಗೇ ಕಟ್ಟುವಂತಿಲ್ಲ!

ಮಧ್ಯಾಹ್ನ ಗಂಗಾವಳಿ ಊರಿಗೆ ಹೋದೆವು. ದಡದಲ್ಲಿ ಬಲೆ ಸರಿಮಾಡುತ್ತ ಒಬ್ಬ ಹಿರಿಯರು ಕೂತಿದ್ದರು. ದೊಡ್ಡ ಬೋಟುಗಳಿಗೆ ಜುಲೈ 31ರವರೆಗೆ ರಜೆ, ಹಾಗಾಗಿ ಮಾತಿಗೆ ಪುರುಸೊತ್ತಿತ್ತು. ಹೊಳೆ ಬಾಯಿಯ ಹೊರಗೆ ಮೇಲೆ ಸಿಹಿ ನೀರು, ಕೆಳಗೆ ಉಪ್ಪು ನೀರು ಇರುತ್ತದೆ ಅಂತ ಅವರೇ ಹೇಳಿದರು. ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ಬಲೆಯಿಂದ ಕಲಿತಿದ್ದರು. ಮಗಳು ನೀರಿಗೆ ಇಳಿಯುತ್ತೇನೆ ಅಂತ ಹಟ ಮಾಡಿದಾಗ ಬೇಡವೆಂದವರೂ ಅವರೇ. ಸೆಳೆತದ ಭಯ ಒಂದು. ಇನ್ನೊಂದು, ದಾರಿಯುದ್ದದ ಊರುಗಳ ಗಟಾರದ ನೀರೂ ಇದರಲ್ಲೇ ಬಂದಿರುತ್ತದೆ. ಜೋರು ಮಳೆಯಾದ ಮೇಲೆ ಎರಡು ಮೂರು ದಿನ ಹೊಳೆ ಬಾಯಿಯ ಹತ್ತಿರ ಈಜದಿರುವುದೇ ಒಳ್ಳೆಯದು.

ಕಾಕಾನಿಗೆ ಬೇರೆಯೇ ಯೋಚನೆ. "ಸಮುದ್ರ ಮತ್ತ ತಿಳಿ ಹೆಂಗ ಆಕ್ಕೈತಿ? ಇಷ್ಟು ಮಣ್ಣು ಎಲ್ಲಿ ಹೊಕ್ಕೈತಿ?"

ಎರಡು ಬಾಟಲಿಗೆ ಹೊಳೆಯ ನೀರು ತುಂಬಿಕೊಂಡೆವು. ಸಂಜೆ ಗೋಕರ್ಣದ ಪೇಟೆಯಲ್ಲಿ ಸಾಣಿಕಟ್ಟಾ ಉಪ್ಪು ಕೊಂಡೆವು. ಪಕ್ಕದ ಗದ್ದೆಗಳಲ್ಲೇ ತಯಾರಾಗುವ ಉಪ್ಪು. ಒಂದು ಬಾಟಲಿಗೆ ದೊಡ್ಡ ಚಮಚದಲ್ಲಿ ಎರಡು ಚಮಚ ಉಪ್ಪು ಹಾಕಿ ಕುಲುಕಿದೆವು. ಇನ್ನೊಂದಕ್ಕೆ ಏನೂ ಹಾಕಲಿಲ್ಲ. ಎರಡನ್ನೂ ರೂಮಿನ ಕಿಟಕಿ ಕಟ್ಟೆಯ ಮೇಲಿಟ್ಟು ಮಲಗಿದೆವು. "ಪ್ರವಾಸಕ್ಕ ಬಂದೀವೋ, ಲ್ಯಾಬಿಗೋ?" ಅಂತ ಹೆಂಡತಿ ಕೇಳಿದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವರು ಕಾಕಾ. ಉಪ್ಪು ಹಾಕಿದ ಬಾಟಲಿಯ ತಳದಲ್ಲಿ ಕೆಂಪು ರಾಡಿ ಕೂತಿತ್ತು. ಮೇಲಿನ ನೀರು ತಿಳಿ ಚಹಾ ಬಣ್ಣಕ್ಕೆ ಬಂದಿತ್ತು. ಉಪ್ಪಿಲ್ಲದ್ದು ಇನ್ನೂ ಬಗ್ಗಡವಾಗೇ ಇತ್ತು.

ಜೇಡಿಯ ಕಣಗಳು ಬಹಳ ಸಣ್ಣವು, ಒಂದು ಮಿಲಿಮೀಟರ್‌ನ 500ನೇ ಒಂದು ಭಾಗಕ್ಕಿಂತ ಚಿಕ್ಕವು. ಅವುಗಳ ಮೈಮೇಲೆಲ್ಲ ಒಂದೇ ಬಗೆಯ ವಿದ್ಯುತ್ ಅಂಶ ಇರುವುದರಿಂದ ಒಂದನ್ನೊಂದು ದೂಡುತ್ತ ತೇಲುತ್ತಲೇ ಇರುತ್ತವೆ. ಉಪ್ಪು ಸೇರಿದರೆ ಆ ಜಗಳ ಕಡಿಮೆಯಾಗುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ, ಭಾರವಾಗಿ ಇಳಿಯುತ್ತವೆ. "ಕೆರಿ ನೀರಿಗೆ ಪಟಿಕ ಆಡಿಸ್ತಾರಲ್ಲ, ಹಂಗs" ಅಂದರು ಕಾಕಾ. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಹೊಳೆಯಲ್ಲಿ ಅಷ್ಟು ದೂರ ತೇಲಿ ಬಂದ ಮಣ್ಣು ಸಮುದ್ರದ ಬಾಗಿಲಲ್ಲೇ ಕೂರಲು ಶುರುಮಾಡುವುದು ಇದರಿಂದ. ಮಳೆ ನಿಂತು ಬಿಸಿಲು ಬಿದ್ದ ಮೇಲೆ ನೀರು ಕೆಲವು ದಿನ ಹಸಿರಾಗುವುದೂ ಉಂಟು. ಹೊಳೆ ತಂದ ಸಾರ ತಿಂದು ಸಣ್ಣ ಪಾಚಿ ಬೆಳೆಯುತ್ತದೆ.

ವಾಪಸ್ ಬರುವಾಗ ಕಾಕಾ ಇನ್ನೊಂದು ಲೆಕ್ಕ ತೆಗೆದರು. ಅವರ ಬೀಗರ ಹೊಲ ನವಲಗುಂದದ ಕಡೆ. ಆ ಎರೆ ಮಣ್ಣು ಬೆಣ್ಣಿಹಳ್ಳ ಹಿಡಿದು, ಮಲಪ್ರಭೆ ಸೇರಿ, ಕೃಷ್ಣೆಯಲ್ಲಿ ಬಂಗಾಳ ಕೊಲ್ಲಿಗೆ ಹೋಗಬೇಕು. ಒಂದೇ ಜಿಲ್ಲೆ, ಎರಡು ಸಮುದ್ರ. ನಡುವೆ ಕೃಷ್ಣೆಯ ಅಣೆಕಟ್ಟುಗಳಲ್ಲಿ ಹೂಳಾಗಿ ಉಳಿಯುವುದೂ ಬಹಳ. ಗಂಗಾವಳಿಗೆ ಅಂಥ ದೊಡ್ಡ ಅಣೆಕಟ್ಟಿನ ತಡೆ ಇಲ್ಲ. "ಬೀಗರ ಮಣ್ಣು ದಾರ್‍ಯಾಗ ಉಳೀತೈತಿ, ನಮ್ಮದು ಸೀದಾ ಗೋಕರ್ಣಕ್ಕ" ಅನ್ನುವಾಗ ಅವರ ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು ಅನಿಸುತ್ತದೆ.

ಕಲಘಟಗಿಯಲ್ಲಿ ಇಳಿಯುವಾಗ ಉಪ್ಪಿಲ್ಲದ ಬಾಟಲಿಯನ್ನು ಕೇಳಿ ಇಸಿದುಕೊಂಡರು. ಮರುದಿನ ಫೋನ್ ಮಾಡಿ ವಿಚಾರಿಸಿದೆ. ಹೊಲದ ಇಳಿಜಾರಿನಲ್ಲಿ ಒಡ್ಡು ಹಾಕಿಸುತ್ತಿದ್ದರು. ಬಾಟಲಿ ಏನು ಮಾಡಿದಿರಿ ಅಂದೆ.

"ಬದುವಿಗೆ ಸುರಿದ್ನಿ. ನಮ್ಮದs ಅಲ್ಲೇನ್ ಅದು?"